ಹೂಳುಕೊಳದ ನೀರು ತಿಳಿಯಾಗುತ್ತಿಲ್ಲ, ಸಹಾಯ ಬೇಕು

ತೆರೆದ ಕಲ್ಲಿದ್ದಲು ಗಣಿಯೊಂದರಲ್ಲಿ ಹೂಳು ತಂಗಿಸುವ ಕೊಳಗಳ ಉಸ್ತುವಾರಿ ನನ್ನದು. ಮಳೆ ನಿಂತು ಮೂರು ದಿನವಾದರೂ ಹೊರಬೀಳುವ ನೀರು ಕಲಗಚ್ಚಿನಂತೆಯೇ ಇದೆ. ಗಾಜಿನ ಬಾಟಲಿಯಲ್ಲಿ ತುಂಬಿಟ್ಟು ನೋಡಿದೆ: ಮರಳು ನಿಮಿಷದೊಳಗೆ ತಳ ಸೇರಿತು, ಜೇಡಿ ಮಾತ್ರ ಬೆಳಗಾದರೂ ಜಪ್ಪಯ್ಯ ಎಂದರೂ ಇಳಿಯಲಿಲ್ಲ. 2 ಮೈಕ್ರಾನ್‌ಗಿಂತ ಸಣ್ಣ ಕಣ ತಾನಾಗಿ ಇಳಿಯಲು ದಿನಗಟ್ಟಲೆ ಬೇಕು, ಒಪ್ಪುತ್ತೇನೆ. ಆದರೆ ನನ್ನ ಗುಮಾನಿ ಬೇರೆ: ನೀರು ಬರುವ ಬಾಯಿ, ಹೋಗುವ ತೂಬು ಎರಡೂ ಎದುರುಬದುರಾಗಿವೆ (ಕಟ್ಟಿದವರು ಏನು ಯೋಚಿಸಿದ್ದರೋ!), ನೀರು ತಂಗದೆ ನೇರವಾಗಿ ಓಡುತ್ತಿದೆ. ನಡುವೆ ಅಡ್ಡಗೋಡೆ ಹಾಕಿ ನೋಡಿದವರಿದ್ದೀರಾ? ಪಟಿಕ ಬಳಸಿದವರು ನೀರಿನ ಆಮ್ಲೀಯತೆ ಹೆಚ್ಚದಂತೆ ಹೇಗೆ ನಿಭಾಯಿಸಿದಿರಿ? ಹೂಳು ಅರ್ಧಕ್ಕಿಂತ ಮೇಲೇರಿದೆ, ಮೊದಲು ಅದನ್ನೇ ತೆಗೆಸಲೇ? ನೆನೆದ ಏರಿಯ ಮೇಲೆ ಯಂತ್ರ ನಿಲ್ಲಿಸಲು ಭಯವಾಗುತ್ತಿದೆ.