ಮುಂಗಡ ಕೊಟ್ಟ ಮೇಲೆ ಮಂಗಲ ಕಾರ್ಯಾಲಯದವರು ದರ ಏರಿಸುತ್ತಿದ್ದಾರೆ: ಏನು ಮಾಡಬಹುದು?

ಪ್ರಶ್ನೆ (ಬಾಗಲಕೋಟೆಯಿಂದ)

ನಮಸ್ಕಾರ. ಬರುವ ತಿಂಗಳು ನಮ್ಮ ತಂಗಿಯ ಮದುವೆ ಇದ್ದು, ಬೀಗರ ಅನುಕೂಲ ನೋಡಿ ವಿಜಯಪುರದಲ್ಲಿ ಒಂದು ಮಂಗಲ ಕಾರ್ಯಾಲಯ ಹಿಡಿದಿದ್ದೇವೆ. ಅರಿಷಿಣದ ದಿನ ಮುಂಜಾನೆಯಿಂದ ಮರುದಿನ ಸಂಜೆಯವರೆಗೆ ಅಡುಗೆ ಮನೆ, ಭಾಂಡೆ, ಕೋಣೆಗಳೆಲ್ಲ ಸೇರಿ 1,60,000 ರೂಪಾಯಿ ಎಂದು ಮಾತಾಗಿ, 60,000 ಮುಂಗಡ ಕೊಟ್ಟು ಪಾವತಿ ಪಡೆದಿದ್ದೇವೆ. ಪಾವತಿಯಲ್ಲಿ ದಿನಾಂಕ, ಒಟ್ಟು ಬಾಡಿಗೆ, ಮುಂಗಡ ಇಷ್ಟೇ ಇವೆ. ಉಳಿದ ವಿವರ ವ್ಯವಸ್ಥಾಪಕರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶದಲ್ಲಿದೆ. ಈಗ ಸ್ವಚ್ಛತೆಗೆ 12,000, ಜನರೇಟರಿಗೆ 15,000, ಹೊರಗಿನ ಡೆಕೋರೇಶನ್‌ನವರನ್ನು ಕರೆತಂದರೆ 20,000, ಎಲ್ಲದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ ಎನ್ನುತ್ತಿದ್ದಾರೆ. ಒಪ್ಪದಿದ್ದರೆ ಕಾರ್ಯಾಲಯ ಬೇರೆಯವರಿಗೆ ಹೋಗುತ್ತದೆ, ಮುಂಗಡವೂ ಮರಳುವುದಿಲ್ಲವಂತೆ. ಲಗ್ನಪತ್ರಿಕೆ ಹಂಚಿ ಆಗಿದೆ.

ಉತ್ತರ 1 (ವಕೀಲರು, ವಿಜಯಪುರ)

ನಿಮ್ಮ ಪಾವತಿ ಮತ್ತು ಆ ಸಂದೇಶ ಎರಡೂ ಸೇರಿ ಕರಾರೇ ಆಗುತ್ತವೆ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಕರಾರನ್ನು ಬದಲಿಸಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಕಾರ್ಯಾಲಯದವರು ತಾವಾಗಿಯೇ ದರ ಸೇರಿಸಿದರೆ ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಫೋನಿನಲ್ಲಿ ವಾದ ಬೆಳೆಸದೆ, ಯಾವ ದಿನ ಯಾವ ದರಕ್ಕೆ ಒಪ್ಪಿಗೆಯಾಗಿತ್ತು, ಈಗ ಯಾವುದನ್ನು ಹೊಸದಾಗಿ ಕೇಳುತ್ತಿದ್ದಾರೆ ಎಂಬುದನ್ನು ಸೌಮ್ಯವಾದ ಒಂದು ಪತ್ರದಲ್ಲಿ ಬರೆದು, ಸ್ಪೀಡ್ ಪೋಸ್ಟ್‌ನಲ್ಲಿಯೂ ಅದೇ ವಾಟ್ಸ್‌ಆ್ಯಪ್ ಸಂಖ್ಯೆಗೂ ಕಳಿಸಿರಿ. ಹಳೆಯ ಸಂದೇಶಗಳನ್ನು ಅಳಿಸಬೇಡಿರಿ, ಆ ಫೋನನ್ನೂ ಬದಲಿಸಬೇಡಿರಿ.

ಅವರು ಮಣಿಯದಿದ್ದರೆ 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ ನೀವು ಇಲ್ಲಿಗೆ ಅಲೆಯಬೇಕಾಗಿಲ್ಲ, ಬಾಗಲಕೋಟೆಯ ಆಯೋಗವೇ ಸಾಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ (ನಮ್ಮವರು ಈ ಮಾತಿಗೆ ನನ್ನನ್ನು ಬೈಯಬಹುದು), ಕಾಲಮಿತಿ 2 ವರ್ಷ.

ಉತ್ತರ 2 (ಅಡುಗೆ ಗುತ್ತಿಗೆದಾರರು, ಬೆಳಗಾವಿ)

ವಕೀಲ ಸಾಹೇಬರು ಹೇಳಿದ್ದು ಸರಿಯೇ, ಆದರೆ ಆಯೋಗದ ತೀರ್ಪು ಬರುವುದು ಮದುವೆ ಮುಗಿದ ಎಷ್ಟೋ ಕಾಲದ ಮೇಲೆ. ಈಗ ಕಾರ್ಯಾಲಯ ಕೈತಪ್ಪಬಾರದು. ನನ್ನ ಅಭಿಪ್ರಾಯದಲ್ಲಿ ಎಲ್ಲ ಬಾಬ್ತುಗಳಿಗೂ ಒಂದೇ ಸಮನೆ ಜಗಳ ಬೇಡ. ಜನರೇಟರಿಗೆ ಇಡಿಯಾಗಿ 15,000 ಎನ್ನುವ ಬದಲು ಓಡಿದಷ್ಟು ತಾಸಿನ ಡೀಸೆಲ್ ಕೊಡುತ್ತೇವೆ ಎನ್ನಿರಿ. ಹೆಸ್ಕಾಂ ವಿದ್ಯುತ್ ಇದ್ದಷ್ಟು ಹೊತ್ತು ಅದು ಓಡುವುದೇ ಇಲ್ಲ. ಕೀಲಿ ಪಡೆಯುವಾಗ, ಮರಳಿಸುವಾಗ ಎರಡೂ ಸಲ ವಿದ್ಯುತ್ ಮೀಟರಿನ ಮತ್ತು ಜನರೇಟರಿನ ತಾಸಿನ ಮೀಟರಿನ ಫೋಟೋ ತೆಗೆದಿಡಿರಿ. ಭಾಂಡೆಗಳನ್ನು ಎಣಿಸಿ, ಸಹಿ ಪಡೆದೇ ಒಳಗೆ ತೆಗೆದುಕೊಳ್ಳಿರಿ. ಠೇವಣಿ ಹಿಡಿಯುವವರು ಹಿಡಿಯುವುದು ಬಹಳ ಸಲ ಇಲ್ಲಿಯೇ. ಡೆಕೋರೇಶನ್ನಿನ 20,000 ಮಾತ್ರ ಶುದ್ಧ ದಬ್ಬಾಳಿಕೆ, ಅದಕ್ಕೆ ಒಪ್ಪಬೇಡಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಜಿಎಸ್‌ಟಿಯ ಬಗ್ಗೆ ಒಂದು ಮಾತು ಹೇಳಿರಿ: ಪಾವತಿಯಲ್ಲಿ ಅದರ ಉಲ್ಲೇಖವೇ ಇಲ್ಲ.

ಉತ್ತರ 1

ಕಾರ್ಯಾಲಯದ ಬಾಡಿಗೆಗೆ ಶೇಕಡಾ 18 ಇರುವುದು ನಿಜ. ಆದರೆ ಜಿಎಸ್‌ಟಿ ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವಂತೆಯೇ ಇಲ್ಲ. ಮೊದಲು ಅವರ ನೋಂದಣಿ ಸಂಖ್ಯೆ ಕೇಳಿ, ಜಿಎಸ್‌ಟಿ ಜಾಲತಾಣದಲ್ಲಿ ಪರೀಕ್ಷಿಸಿರಿ. ನೋಂದಣಿ ಇದ್ದರೆ, "ಎಲ್ಲ ಸೇರಿ" ಎಂದು ಬರೆದ ಸಂದೇಶವನ್ನು ಮುಂದಿಟ್ಟು ತೆರಿಗೆಯೂ ಅದರೊಳಗೇ ಬಂತೆಂದು ವಾದಿಸಬಹುದು. ಒಂದು ವೇಳೆ ಮದುವೆಯ ಮುನ್ನಾದಿನ ಹೆಚ್ಚಿನ ಹಣ ಕೊಡಲೇಬೇಕಾಗಿ ಬಂದರೆ, "ಆಕ್ಷೇಪಣೆಯೊಂದಿಗೆ ಕೊಡುತ್ತಿದ್ದೇವೆ" ಎಂದು ಬರೆದು ತಿಳಿಸಿ, ನಗದಿನ ಬದಲು ಬ್ಯಾಂಕ್ ಖಾತೆಗೇ ಜಮಾ ಮಾಡಿರಿ.