ಪದಚರ್ಚೆ: ವೆಟ್‌ಲ್ಯಾಂಡ್ ಅಂದರೆ ಜೌಗೋ, ತೇವಭೂಮಿಯೋ, ತರಿಯೋ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಅಳಿವೆ ಪಕ್ಕದ ಬಂದರು ಯೋಜನೆಯೊಂದರ ಪರಿಸರ ವರದಿಗೆ ಕನ್ನಡ ಸಾರಾಂಶ ಬರೆಯಬೇಕಾಗಿದೆ. ಕರಡಿನಲ್ಲಿ ‘ವೆಟ್‌ಲ್ಯಾಂಡ್’ ಒಂದು ಕಡೆ ಜೌಗು ಪ್ರದೇಶ, ಇನ್ನೊಂದು ಕಡೆ ತೇವಭೂಮಿ, ಕೋಷ್ಟಕದಲ್ಲಿ ತರಿ ಜಮೀನು ಅಂತಾಗಿದೆ. ಯಾವುದನ್ನು ಉಳಿಸಲಿ? ‘ಎನ್ವಿರಾನ್‌ಮೆಂಟಲ್ ಸ್ಟೀವರ್ಡ್‌ಶಿಪ್’ಗೆ ಪರಿಸರ ಪಾಲನೆ ಆದೀತೇ?

ಉತ್ತರ:

ನಮಸ್ಕಾರ. ಮೊದಲು ತರಿಯನ್ನು ಹೊಡೆದುಹಾಕಿ. ಕಂದಾಯದ ಲೆಕ್ಕದಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದು ಜಮೀನಿನ ಮೂರು ಬಗೆ. ತರಿ ಅಂದರೆ ನೀರಿನ ಅನುಕೂಲವಿರುವ ಭತ್ತದ ಜಮೀನು. ಪಹಣಿ ಓದಿ ಬಲ್ಲವರು ಕೋಷ್ಟಕ ನೋಡಿದರೆ ಬಂದರು ಯಾರದೋ ಗದ್ದೆ ಕೇಳುತ್ತಿದೆ ಎಂದೇ ತಿಳಿಯುತ್ತಾರೆ.

ಜೌಗಿನ ತೊಡಕು ಬೇರೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ‘ಸವಳು-ಜವಳು’ ಅಂದರೆ ನೆಲಕ್ಕೆ ಹತ್ತಿದ ರೋಗ. ಸವಳು ಉಪ್ಪೇರಿದ್ದು, ಜವಳು (ಅಂದರೆ ಜೌಗು) ನೀರು ನಿಂತು ಕೆಟ್ಟಿದ್ದು. ಅದಕ್ಕೆ ಮದ್ದು ಬಸಿಗಾಲುವೆ. ಜೌಗು ಎಂದು ಕೇಳಿದ ಕಿವಿಗೆ ‘ಇದನ್ನು ಬಸಿದು ಒಣಗಿಸಬೇಕು’ ಎಂಬುದೂ ಜತೆಗೇ ಕೇಳಿಸುತ್ತದೆ. ಮಣ್ಣು ತುಂಬಿಸಿ ಸರಕಿನ ಅಂಗಳ ಮಾಡಲು ಹೊರಟವರಿಗೆ ಇದಕ್ಕಿಂತ ಅನುಕೂಲದ ಪದ ಸಿಗಲಾರದು. ಮೇಲಾಗಿ ಜೌಗು ‘ಮಾರ್ಷ್’ಗೆ ಸರಿಯಾಗಿ ಕೂರುತ್ತದೆ. ಅದನ್ನು ವೆಟ್‌ಲ್ಯಾಂಡಿಗೇ ಕೊಟ್ಟುಬಿಟ್ಟರೆ ‘ಸಾಲ್ಟ್ ಮಾರ್ಷ್’ (ಉಬ್ಬರದ ಉಪ್ಪುನೀರು ಬರುವ ಹುಲ್ಲುನೆಲ) ಬಂದಾಗ ಏನು ಬರೆಯುತ್ತೀರಿ? ಉಪ್ಪುಜೌಗು ಎಂದು ಅಲ್ಲಿಗೆ ಉಳಿಸಿಕೊಳ್ಳಿ.

ಹಾಗಾಗಿ ಒಟ್ಟು ಹೆಸರಿಗೆ ತೇವಭೂಮಿ. ಇದೂ ಅಚ್ಚುಕಟ್ಟಾದ ಪದವೇನಲ್ಲ, ತೇವ ಅಂದರೆ ಬರೀ ಪಸೆ. ತೇವಭೂಮಿಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ 1971ರ ರಾಮ್ಸರ್ ಒಪ್ಪಂದದ ವ್ಯಾಖ್ಯೆಯಲ್ಲಾದರೋ ಸಿಹಿನೀರು, ಚೌಳುನೀರು, ಉಪ್ಪುನೀರು ಎಲ್ಲವೂ ಇವೆ. ಇಳಿತದ ಹೊತ್ತಿಗೆ ಆಳ ಆರು ಮೀಟರ್ ಮೀರದ ಕಡಲೂ ಇದೆ. ಆಳೆತ್ತರ ನೀರು ನಿಂತದ್ದನ್ನು ತೇವ ಅನ್ನುವುದು ವಿಚಿತ್ರವೇ. ಆದರೆ ಪದ ಈಗಾಗಲೇ ಪತ್ರಿಕೆಗಳಲ್ಲಿ ಓಡಾಡುತ್ತಿದೆ, ಬಸಿಯುವ ನೆನಪನ್ನೂ ತರುವುದಿಲ್ಲ. ಮೊದಲ ಸಲ ಬಂದಲ್ಲಿ ಆ ಆರು ಮೀಟರ್ ಮಾತನ್ನು ಒಂದು ವಾಕ್ಯದಲ್ಲಿ ಬರೆದುಬಿಡಿ.

ಆದರೆ ಒಟ್ಟು ಹೆಸರನ್ನು ವ್ಯಾಖ್ಯೆಯ ಆಚೆಗೆ, ಅಲ್ಲಿನ ಒಂದೊಂದು ಜಾಗದ ಹೆಸರಿನ ಮೇಲೂ ಎಳೆಯಬೇಡಿ. ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯನ್ನೇ ನೋಡಿ. ತದಡಿಯಲ್ಲಿ ದೊಡ್ಡ ಬಂದರಿನ ಪ್ರಸ್ತಾವ ಬಂದದ್ದೂ ಈ ಅಳಿವೆಗೇ, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ್ದೂ ಇದೇ ಅಳಿವೆ. ಇಲ್ಲಿ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೇರೆ, ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಕೆಸರುಬಯಲು ಬೇರೆ, ಗಜನಿ ಬೇರೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ಉಬ್ಬರದ ನೀರು ಒಳಬಿಟ್ಟು ಸಿಗಡಿ, ಮೀನು: ಅದು ಗಜನಿ. ಅದನ್ನು ‘ಗದ್ದೆ’ ಎಂದು ಅನುವಾದಿಸಿದಿರೋ, ಕೆಲಸ ಕೆಟ್ಟಿತು. ತೇವಭೂಮಿ ಕುರಿತ 2017ರ ಕೇಂದ್ರ ನಿಯಮದ ವ್ಯಾಖ್ಯೆಯಿಂದ ಭತ್ತದ ಗದ್ದೆ, ಜಲಕೃಷಿಗೆಂದೇ ಕಟ್ಟಿದ ಹೊಂಡ, ಉಪ್ಪಿನ ಮಡಿ ಹೊರಗಿವೆ. ನಿಮ್ಮ ಒಂದು ಪದದಿಂದ ಗಜನಿ ಲೆಕ್ಕದಿಂದಲೇ ಜಾರಿಹೋದೀತು. ಗಜನಿಯನ್ನು ಗಜನಿ ಎಂದೇ ಬರೆಯಿರಿ. ಕಾಂಡ್ಲಾ ಕೂಡ ಹಾಗೆಯೇ, ‘ನದಿದಂಡೆಯ ಪೊದೆ’ ಅಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಸಾವಿರ ಚದರ ಮೀಟರ್ ಮೀರಿದ ಕಾಂಡ್ಲಾ ಕಾಡಿಗೆ 50 ಮೀಟರ್ ಅಂಚು ಬಿಡಬೇಕೆಂದಿದೆ. ಪೊದೆಗೆ ಯಾರೂ ಅಂಚು ಬಿಡುವುದಿಲ್ಲ.

ನೀವು ಕೇಳದ ಇನ್ನೊಂದು ಪದ: ‘ಸಿಲ್ಟ್ ಕರ್ಟನ್’, ಹೂಳೆತ್ತುವಾಗ ಎದ್ದ ಕದಡು ಹರಡದಂತೆ ನೀರಲ್ಲಿ ಕಟ್ಟುವಂಥದ್ದು. ಇಂಥ ಕರಡುಗಳಲ್ಲಿ ಇದು ಸಾಮಾನ್ಯವಾಗಿ ‘ಹೂಳು ತಡೆಗೋಡೆ’ ಆಗಿರುತ್ತದೆ. ಅದು ಗೋಡೆಯಲ್ಲ. ಮೇಲೆ ತೇಲುಬುರುಡೆ, ಕೆಳಅಂಚಿಗೆ ಭಾರದ ಸರಪಳಿ, ನಡುವೆ ಇಳಿಬಿಟ್ಟ ಬಟ್ಟೆ. ಇಳಿತದಲ್ಲೂ ತಳಕ್ಕೆ ತಾಗದಂತೆ ಸುಮಾರು ಅರ್ಧ ಮೀಟರ್ ಬಿಡುತ್ತಾರೆ, ಇಲ್ಲದಿದ್ದರೆ ಅಂಚು ಕೆಸರಲ್ಲಿ ಹೂತು ಹರಿಯುತ್ತದೆ. ಸೆಳೆತ ಸೆಕೆಂಡಿಗೆ ಅರ್ಧ-ಮುಕ್ಕಾಲು ಮೀಟರ್ ದಾಟಿತೆಂದರೆ ಬಟ್ಟೆ ಲಂಗದ ಹಾಗೆ ಉಬ್ಬಿ ಮೇಲೇಳುತ್ತದೆ, ಕದಡು ಅಡಿಯಿಂದ ಬಳಚಿನ ನೆಲಕ್ಕೆ ಹೋಗುತ್ತದೆ. ಅಳಿವೆಯ ಬಾಯಲ್ಲಿ ಅಂಥ ಸೆಳೆತ ಅಪರೂಪವಲ್ಲ. ‘ಕದಡು ಪರದೆ’ ಎಂದರೆ ಅದರ ಶಕ್ತಿಯೂ ಮಿತಿಯೂ ಹೆಸರಿನಲ್ಲೇ ಕಾಣುತ್ತವೆ. ಗೋಡೆ ಎಂದರೆ ಓದಿದವರು ನಿಶ್ಚಿಂತರಾಗುತ್ತಾರೆ.

ಸ್ಟೀವರ್ಡ್‌ಶಿಪ್: ಪಾಲನೆ ಕೇಳಲು ಚೆನ್ನ, ಆದರೆ ನಿಮ್ಮ ಕಡತದಲ್ಲೇ ಅದಕ್ಕೆ ಬೇರೆ ಕೆಲಸವಿದೆ. ಪರಿಸರ ಅನುಮತಿ ಪಡೆದವರು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕಾದ್ದು ‘ಷರತ್ತು ಪಾಲನಾ ವರದಿ’. ಅಲ್ಲಿ ಪಾಲನೆ ಅಂದರೆ ಹೇಳಿದಷ್ಟು ಮಾಡುವುದು. ಸ್ಟೀವರ್ಡ್‌ಶಿಪ್ ಅಂದರೆ ಹೇಳದಿದ್ದರೂ ನೋಡಿಕೊಳ್ಳುವುದು. ಉಸ್ತುವಾರಿ ಅಂದರೆ ಸಚಿವರ ನೆನಪಾಗುತ್ತದೆ. ನನ್ನ ಆಯ್ಕೆ ‘ಜೋಪಾನ’. ‘ಅಳಿವೆಯ ಜೋಪಾನ’ ಅಂದರೆ ಬಳಚು ಹೆಕ್ಕುವವರಿಗೂ ಅರ್ಥವಾಗುತ್ತದೆ. ಕಚೇರಿಗೆ ಇದು ಮನೆಮಾತು ಎನಿಸಿದರೆ ‘ಪರಿಸರ ಹೊಣೆಗಾರಿಕೆ’ ಹಾಕಿ, ತಪ್ಪಿಲ್ಲ, ಸ್ವಲ್ಪ ಒಣ ಅಷ್ಟೆ.

ಕಡೆಗೆ ನಕ್ಷೆಯ ಚಿಹ್ನೆಸೂಚಿಯನ್ನೂ ಒಮ್ಮೆ ನೋಡಿಬಿಡಿ. ಸಾರಾಂಶವೆಲ್ಲ ತಿದ್ದಿ, ನಕ್ಷೆಯ ಮೂಲೆಯಲ್ಲಿ ‘ಪಾಳು ಜೌಗು’ ಹಾಗೇ ಉಳಿದುಹೋಗಿರುತ್ತದೆ. ಅಹವಾಲು ಸಭೆಯಲ್ಲಿ ಜನ ಬೆರಳಿಟ್ಟು ನೋಡುವುದು ನಕ್ಷೆಯನ್ನೇ.