ವಿದೇಶ ಪ್ರಯಾಣದಲ್ಲಿ ಮೊಬೈಲ್ ಡೇಟಾದಿಂದ ಯಕ್ಷಗಾನದ ನೇರಪ್ರಸಾರ: ಅನುಭವಿಗಳ ಸಲಹೆ ಬೇಕಾಗಿದೆ

ಪ್ರಶ್ನೆ: ಕುಂಜಿಬೆಟ್ಟು, ಉಡುಪಿ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ತಂದೆಯವರನ್ನು ಕರೆದುಕೊಂಡು ಜರ್ಮನಿಯಲ್ಲಿರುವ ತಂಗಿಯ ಮನೆಗೆ ಹೋಗುವವಳಿದ್ದೇನೆ. ಹೋಗುವ ದಾರಿಯಲ್ಲಿ ದುಬೈಯ ಅಣ್ಣನ ಮನೆಯಲ್ಲಿ ಕೆಲವು ದಿನ ಉಳಿಯುತ್ತೇವೆ. ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೂ ಹೋಗಿ ಬರುವ ಯೋಚನೆಯಿದೆ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಯಕ್ಷಗಾನ ಮೇಳಗಳ ತಿರುಗಾಟ ಇರುವುದರಿಂದ ಅಷ್ಟು ದಿನದ ಆಟ ತಪ್ಪಿಹೋಗುತ್ತದೆಂದು ತಂದೆಯವರು ಹೊರಡಲು ಹಿಂದೇಟು ಹಾಕುತ್ತಿದ್ದರು. ಯೂಟ್ಯೂಬಿನ ನೇರಪ್ರಸಾರವನ್ನು ಎಲ್ಲಿದ್ದರೂ ತೋರಿಸುತ್ತೇನೆಂದು ಹೇಳಿ ಒಪ್ಪಿಸಿದ್ದೇನೆ. ಇಲ್ಲಿಯ ಸಿಮ್ಮಿಗೆ ರೋಮಿಂಗ್ ಪ್ಯಾಕ್ ಹಾಕಿಸುವುದೋ, ಅಲ್ಲಿಯ ಸಿಮ್ ಕೊಳ್ಳುವುದೋ, ಇ-ಸಿಮ್ ಸಾಕೋ? ಎಷ್ಟು ಜಿಬಿ ಬೇಕಾದೀತು? ನಾನು ನೋಡುವ ಧಾರಾವಾಹಿಗಳ ಆ್ಯಪ್‌ಗಳು ಅಲ್ಲಿ ನಡೆಯುತ್ತವೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸುರತ್ಕಲ್

ಅಕ್ಕ, ಯಾವ ಸಿಮ್ ಎಂಬ ಪ್ರಶ್ನೆಗಿಂತ ಮೊದಲು ಎಷ್ಟು ಡೇಟಾ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ. ಉಳಿದ ತೀರ್ಮಾನಗಳೆಲ್ಲ ಅದರ ಮೇಲೆ ನಿಲ್ಲುತ್ತವೆ. ಸೆಕೆಂಡಿಗೆ 1 ಮೆಗಾಬಿಟ್ (1 ಎಂಬಿಪಿಎಸ್) ವೇಗದಲ್ಲಿ ಹರಿಯುವ ವಿಡಿಯೊ ಒಂದು ಗಂಟೆಗೆ 450 ಎಂಬಿ ತೆಗೆದುಕೊಳ್ಳುತ್ತದೆ. ಯೂಟ್ಯೂಬ್ 360ಪಿ ಗುಣಮಟ್ಟಕ್ಕೆ 0.7, 480ಪಿಗೆ 1.1, 720ಪಿಗೆ 2.5, 1080ಪಿಗೆ 5 ಎಂಬಿಪಿಎಸ್ ವೇಗವಿರಬೇಕೆಂದು ಹೇಳುತ್ತದೆ. ಆ ಲೆಕ್ಕವನ್ನೇ ಹಿಡಿದರೆ, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 360ಪಿಯಲ್ಲಿ ಸುಮಾರು ಎರಡೂವರೆ ಜಿಬಿ, 480ಪಿಯಲ್ಲಿ 4 ಜಿಬಿ, 720ಪಿಯಲ್ಲಿ 9 ಜಿಬಿ, 1080ಪಿಯಲ್ಲಿ 18 ಜಿಬಿ ಆಗುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಕಡಿಮೆ ಖರ್ಚಾಗುವುದೇ ಹೆಚ್ಚು, ಆದರೆ ಪ್ಯಾಕ್ ಆರಿಸುವಾಗ ಈ ಅಂಕಿಗಳನ್ನು ಇಟ್ಟುಕೊಂಡರೆ ಅರ್ಧ ದಾರಿಯಲ್ಲಿ ಕೈಕೊಡುವುದಿಲ್ಲ. ಕಾಲಮಿತಿಯ ಆಟವಾದರೆ ಇದರ ಅರ್ಧ ಸಾಕು.

ಊರಿನಲ್ಲಿ ದಿನದ ಡೇಟಾ ಮುಗಿದರೆ ಅಷ್ಟೇನೂ ನಷ್ಟವಿಲ್ಲದ ಕಾರಣ ನಾವು ವಿಡಿಯೊ ಗುಣಮಟ್ಟವನ್ನು ‘ಆಟೊ’ದಲ್ಲಿ ಬಿಟ್ಟಿರುತ್ತೇವೆ. ಹೊರದೇಶದಲ್ಲಿ ಡೇಟಾ ನುಂಗುವುದು ಇದೇ. ಆಟೊ ಎಂದರೆ ನೆಟ್‌ವರ್ಕಿನ ವೇಗಕ್ಕೆ ತಕ್ಕಂತೆ ಚಿತ್ರದ ಗುಣಮಟ್ಟವನ್ನು ಏರಿಸುವುದು ಮತ್ತು ಇಳಿಸುವುದು. ಕೆಲವು ಸೆಕೆಂಡುಗಳ ತುಣುಕುಗಳಾಗಿ ಬರುವ ವಿಡಿಯೊದಲ್ಲಿ ಪ್ರತಿ ತುಣುಕಿಗೂ ಈ ಆಯ್ಕೆ ಹೊಸದಾಗಿ ನಡೆಯುತ್ತದೆ. ಹಾಗಾಗಿ ದುಬೈಯಂತಹ ಊರಿನಲ್ಲಿ 5ಜಿ ಸಿಕ್ಕಿದ ಕೂಡಲೇ, ಸಿಗ್ನಲ್ ಚೆನ್ನಾಗಿದೆಯೆಂದು ನಾವು ಸಂತೋಷಪಡುತ್ತಿರುವಾಗಲೇ, ಪ್ಯಾಕ್ ಬೇಗ ಬೇಗ ಕರಗಿಹೋಗುತ್ತದೆ. ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಗುಣಮಟ್ಟದ ಆಯ್ಕೆ ಮೊಬೈಲ್ ನೆಟ್‌ವರ್ಕಿಗೆ ಬೇರೆ, ವೈ-ಫೈಗೆ ಬೇರೆ ಇರುತ್ತದೆ. ಮೊಬೈಲ್ ನೆಟ್‌ವರ್ಕಿನದನ್ನು ‘ಡೇಟಾ ಸೇವರ್’ಗೆ ಬದಲಿಸಿ. ನಿರ್ದಿಷ್ಟವಾಗಿ 360ಪಿಯೇ ಬೇಕೆಂದಿದ್ದರೆ ಪ್ರತಿ ವಿಡಿಯೊ ಶುರುವಾದ ಮೇಲೆ ಹಲ್ಲುಚಕ್ರದ ಗುರುತನ್ನು ಒತ್ತಿ ಕೈಯಾರೆ ಆರಿಸಬೇಕಾಗುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿಯೂ ಇದೇ ಬಗೆಯ ವ್ಯವಸ್ಥೆಯಿದೆ: ಡೇಟಾ ಉಳಿಸುವ ಆಯ್ಕೆಯಲ್ಲಿ ಒಂದು ಜಿಬಿಗೆ ಸುಮಾರು ಆರು ಗಂಟೆ ನೋಡಬಹುದು, ಗರಿಷ್ಠ ಆಯ್ಕೆಯಲ್ಲಿ ಅದೇ ಒಂದು ಜಿಬಿ ಇಪ್ಪತ್ತು ನಿಮಿಷಕ್ಕೆ ಮುಗಿದೀತು.

ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಾದರೆ 144ಪಿ ಧಾರಾಳ ಸಾಕು. ಅರ್ಥ ಕೇಳುವುದಕ್ಕೆ ಚಿತ್ರ ಬೇಕಿಲ್ಲ.

ಉತ್ತರ: ಮಣಿಪಾಲ

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ಸಿಮ್ಮಿನ ವಿಷಯದಲ್ಲಿ ನನ್ನ ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ದರಕ್ಕಿಂತಲೂ ಮುಖ್ಯವಾದ ಒಂದು ವ್ಯತ್ಯಾಸವನ್ನು ಅಂಗಡಿಯವರು ಹೇಳುವುದಿಲ್ಲ.

ಭಾರತದ ಸಿಮ್ಮನ್ನು ರೋಮಿಂಗಿನಲ್ಲಿ ಬಳಸುವಾಗ ನಮ್ಮ ಡೇಟಾ ಸಾಮಾನ್ಯವಾಗಿ ಭಾರತದಲ್ಲಿರುವ ನಮ್ಮ ಕಂಪೆನಿಯ ವ್ಯವಸ್ಥೆಗೆ ಬಂದು, ಅಲ್ಲಿಂದ ಇಂಟರ್ನೆಟ್ಟಿಗೆ ಹೋಗುತ್ತದೆ. ಆದ್ದರಿಂದ ನಾವು ಫ್ರಾಂಕ್‌ಫರ್ಟಿನಲ್ಲಿ ಕುಳಿತಿದ್ದರೂ ಯೂಟ್ಯೂಬಿಗೆ, ಜಿಯೊಹಾಟ್‌ಸ್ಟಾರಿಗೆ ನಾವು ಭಾರತದಲ್ಲಿರುವಂತೆಯೇ ಕಾಣುತ್ತೇವೆ. ಅಲ್ಲಿಯ ಸಿಮ್ ಹಾಕಿದರೆ ಆ ದೇಶದವರಂತೆ ಕಾಣುತ್ತೇವೆ. ಪ್ರಯಾಣಿಕರಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಹಲವು ಮೂರನೆಯ ಯಾವುದೋ ದೇಶದ ಮೂಲಕ ಇಂಟರ್ನೆಟ್ಟಿಗೆ ಹೋಗುತ್ತವೆ. ಪ್ರಸಾರದ ಹಕ್ಕುಗಳು ದೇಶವಾರು ಹಂಚಿಕೆಯಾಗಿರುವುದರಿಂದ, ಇಲ್ಲಿ ತೆರೆಯುವ ಧಾರಾವಾಹಿ ಅಲ್ಲಿ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುವುದಕ್ಕೆ ಇದೇ ಕಾರಣ. ಯಕ್ಷಗಾನದ ನೇರಪ್ರಸಾರಕ್ಕೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಚಾನೆಲಿನವರು ತಾವಾಗಿಯೇ ತಡೆಯದ ಹೊರತು ಯೂಟ್ಯೂಬ್ ವಿಡಿಯೊ ನೀವು ಹೋಗುವ ಎಲ್ಲ ಕಡೆಯೂ ಸಾಮಾನ್ಯವಾಗಿ ತೆರೆಯುತ್ತದೆ. ಆದ್ದರಿಂದ ತಂದೆಯವರಿಗೆ ಅಲ್ಲಿಯ ಸಿಮ್ ಸಾಕು. ನಿಮ್ಮ ಧಾರಾವಾಹಿಗಳಿಗೆ ಮಾತ್ರ ಇಲ್ಲಿಯ ಸಿಮ್ಮಿನ ಸಣ್ಣದೊಂದು ರೋಮಿಂಗ್ ಪ್ಯಾಕ್ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಹೇಗೂ ಬ್ಯಾಂಕಿನ ಒಟಿಪಿ ಬರಲು ಆ ಸಿಮ್ ಚಾಲ್ತಿಯಲ್ಲಿರಲೇಬೇಕು.

ರೋಮಿಂಗ್ ಪ್ಯಾಕ್ ಕೊಳ್ಳುವಾಗ ‘ಅನಿಯಮಿತ’ ಎಂಬ ಪದದ ಕೆಳಗಿರುವ ಸಣ್ಣ ಅಕ್ಷರಗಳನ್ನು ಓದಬೇಕು. ನಿಗದಿತ ಮಿತಿಯ ನಂತರ ಕೆಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋದೀತೇ ಹೊರತು ಚೆಂಡೆಯ ಸದ್ದು ಕೂಡ ಬಿಟ್ಟುಬಿಟ್ಟು ಬರುತ್ತದೆ. ಒಂದೇ ಪ್ಯಾಕ್ ನೀವು ಹೋಗುವ ಮೂರು ದೇಶಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನೂ ಪಟ್ಟಿಯಲ್ಲಿ ಹೆಸರು ಹಿಡಿದು ನೋಡಿ.

ಜರ್ಮನಿಯಲ್ಲಿ 2017ರ ಜುಲೈಯಿಂದ ಪ್ರಿಪೇಯ್ಡ್ ಸಿಮ್ಮಿಗೂ ಗುರುತಿನ ಪರಿಶೀಲನೆ ಕಡ್ಡಾಯ. ಪಾಸ್‌ಪೋರ್ಟ್ ಹಿಡಿದುಕೊಂಡು ಅಂಗಡಿಗೇ ಹೋಗುವುದು ಸುಲಭ. ಆ ಸಿಮ್ಮನ್ನು ಐರೋಪ್ಯ ಒಕ್ಕೂಟದ ಬೇರೆ ದೇಶಗಳಲ್ಲಿಯೂ, ಐಸ್‌ಲ್ಯಾಂಡ್, ನಾರ್ವೆ, ಲಿಕ್ಟೆನ್‌ಸ್ಟೈನ್‌ಗಳಲ್ಲಿಯೂ ನ್ಯಾಯಸಮ್ಮತ ಬಳಕೆಯ ಮಿತಿಯೊಳಗೆ ಹೆಚ್ಚಿನ ಶುಲ್ಕವಿಲ್ಲದೆ ಬಳಸಬಹುದು. ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ! ಕೆಲವು ಕಂಪೆನಿಗಳು ತಾವಾಗಿ ಅದನ್ನು ಸೇರಿಸಿಕೊಂಡಿರುತ್ತವೆ, ಕೆಲವು ಸೇರಿಸಿರುವುದಿಲ್ಲ. ಸಿಮ್ ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಸೇರಿಲ್ಲವೆಂದಾದರೆ ಗಡಿ ದಾಟುವ ಮೊದಲೇ ಡೇಟಾ ರೋಮಿಂಗನ್ನು ಆಫ್ ಮಾಡಿ. ಕೊನ್‌ಸ್ಟಾಂಜ್‌ನಂತಹ ಗಡಿಯ ಊರುಗಳಲ್ಲಿ ಮೊಬೈಲ್ ಜರ್ಮನಿಯೊಳಗಿದ್ದೇ ಸ್ವಿಟ್ಜರ್ಲೆಂಡಿನ ನೆಟ್‌ವರ್ಕ್ ಹಿಡಿಯುವುದುಂಟು.

ದುಬೈಯಲ್ಲಿ ಇನ್ನೊಂದು ಎಚ್ಚರ ಬೇಕು. ಇಲ್ಲಿಯ ಆ್ಯಪ್ ತೆರೆಯಲೆಂದು ವಿಪಿಎನ್ (ನಾವು ಬೇರೆ ದೇಶದಲ್ಲಿರುವಂತೆ ತೋರಿಸುವ ಆ್ಯಪ್) ಹಾಕಿಕೊಳ್ಳುವಂತೆ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅಪರಾಧ ಎಸಗಲು ವಿಪಿಎನ್ ಬಳಸಿದವರಿಗೆ ಅಲ್ಲಿಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಒಂದು ಧಾರಾವಾಹಿಗಾಗಿ ಪರದೇಶದ ಕಾನೂನಿನ ಅಂಚಿನಲ್ಲಿ ನಿಲ್ಲುವುದು ಬೇಡ.

ಉತ್ತರ: ಕಾಪು

ನಾನು ಅತ್ತೆಯವರನ್ನು ಮಸ್ಕತ್ತಿಗೂ, ಆಮೇಲೆ ಮಗನಿರುವ ನೆದರ್‌ಲ್ಯಾಂಡ್ಸಿಗೂ ಕರೆದುಕೊಂಡು ಹೋದವಳು. ವಯಸ್ಸಾದವರ ಜೊತೆಗಿನ ಪ್ರಯಾಣದಲ್ಲಿ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಸಮಯ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಜರ್ಮನಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ದುಬೈ ಒಂದೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಏಳಕ್ಕೆ ಚೌಕಿಪೂಜೆ ಮುಗಿದು ಆಟ ಶುರುವಾದರೆ ಜರ್ಮನಿಯಲ್ಲಿ ಆಗಿನ್ನೂ ಮಧ್ಯಾಹ್ನ ಮೂರೂವರೆ, ಅಂದರೆ ನೀವು ಊರು ನೋಡಲು ಹೊರಗಿರುವ ಹೊತ್ತು. ಹೊರಗಿರುವಾಗ ಪೂರ್ತಿ ಆಟವನ್ನು ಮೊಬೈಲ್ ಡೇಟಾದಲ್ಲಿ ನೋಡುವ ಅಗತ್ಯವೇ ಇಲ್ಲ. ಹನ್ನೆರಡು ಗಂಟೆಗಿಂತ ಕಡಿಮೆ ಅವಧಿಯ ನೇರಪ್ರಸಾರವನ್ನು ಯೂಟ್ಯೂಬ್ ತಾನಾಗಿಯೇ ಉಳಿಸಿಡುತ್ತದೆ. ಚಾನೆಲಿನವರು ಅಳಿಸದಿದ್ದರೆ ರಾತ್ರಿ ತಂಗಿಯ ಮನೆಯ ವೈ-ಫೈಯಲ್ಲಿ ಮೊದಲಿನಿಂದ ನೋಡಬಹುದು. ನಮ್ಮ ಅತ್ತೆಯವರು ಹಗಲು ರೈಲಿನಲ್ಲಿ ಅರ್ಧ ಗಂಟೆ ಪೀಠಿಕೆ ಕೇಳಿ, ಉಳಿದದ್ದನ್ನು ಊಟವಾದ ಮೇಲೆ ನೆಮ್ಮದಿಯಿಂದ ನೋಡುತ್ತಿದ್ದರು. ಜರ್ಮನಿಯ ಐಸಿಇ ರೈಲುಗಳಲ್ಲಿ ಉಚಿತ ವೈ-ಫೈ ಇದ್ದರೂ ಸುರಂಗಗಳಲ್ಲಿ ಸಿಗ್ನಲ್ ಕಡಿಯುತ್ತದೆ. ಅದನ್ನು ನಂಬಿ ನೇರಪ್ರಸಾರಕ್ಕೆ ಕೂರುವುದಕ್ಕಿಂತ ಡೌನ್‌ಲೋಡ್ ಮಾಡಿಟ್ಟ ಹಳೆಯ ಪ್ರಸಂಗವೊಂದು ಕೈಯಲ್ಲಿರುವುದು ಮೇಲು. ಯೂಟ್ಯೂಬ್ ಪ್ರೀಮಿಯಮ್ ಇದ್ದರೆ ಇಳಿಸಿಕೊಂಡದ್ದು ಸಾಮಾನ್ಯವಾಗಿ 29 ದಿನಗಳವರೆಗೆ ಉಳಿಯುತ್ತದೆ. ಬೇರೆ ಆ್ಯಪ್‌ಗಳಲ್ಲಿ ಇಲ್ಲಿ ಇಳಿಸಿಕೊಂಡದ್ದು ದೇಶ ಬದಲಾದ ಮೇಲೆ ತೆರೆಯದಿರಬಹುದು.

360ಪಿಯಲ್ಲಿ ಆಟ ಚೆನ್ನಾಗಿ ಕಾಣುತ್ತದೆಯೇ ಎಂಬ ಅನುಮಾನ ನಿಮಗಿರಬಹುದು. ಮಸ್ಕತ್ತಿನಲ್ಲಿ ಅಂಗೈಯಗಲದ ಪರದೆಯಲ್ಲಿ ಅತ್ತೆಯವರು ನೋಡುತ್ತಿದ್ದಾಗ ಪಕ್ಕದಲ್ಲಿ ಕುಳಿತು ಗಮನಿಸಿದ್ದೇನೆ: ಕಿರೀಟದ ಮಣಿಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತಿದ್ದವು, ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಚಿಟ್ಟಿ, ಅಂದರೆ ಅಕ್ಕಿಹಿಟ್ಟಿನ ಚುಕ್ಕಿಗಳು, ಸ್ಪಷ್ಟವಾಗುತ್ತಿರಲಿಲ್ಲ, ಆದರೆ ಹೆಜ್ಜೆ ಮತ್ತು ಅಭಿನಯಕ್ಕೆ ಏನೂ ಕೊರತೆಯಾಗಲಿಲ್ಲ. ಭಾಗವತರ ಪದ ಸ್ವಚ್ಛವಾಗಿ ಕೇಳುತ್ತಿತ್ತು. ಒಳ್ಳೆಯ ಇಯರ್‌ಫೋನಿಗೆ ಖರ್ಚು ಮಾಡಿ. ಹೆಚ್ಚಿನ ಡೇಟಾಕ್ಕಿಂತ ಅದು ಹೆಚ್ಚು ಸುಖ ಕೊಡುತ್ತದೆ.

ಎಲ್ಲ ಸೆಟ್ಟಿಂಗ್‌ಗಳನ್ನೂ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಮನೆಯಲ್ಲಿಯೇ ಮಾಡಿ, ತಂದೆಯವರ ಕೈಯಿಂದಲೇ ಒಮ್ಮೆ ಮಾಡಿಸಿ. ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾ ಯಾವ ಸಿಮ್ಮಿನದೆಂದು ನಿಗದಿಪಡಿಸಿ, ಸಿಗ್ನಲ್ ಕಡಿಮೆಯಾದಾಗ ತಾನಾಗಿಯೇ ಇನ್ನೊಂದಕ್ಕೆ ಹಾರುವ ಆಯ್ಕೆಯನ್ನು ಮುಚ್ಚಿಬಿಡಿ. ಐಫೋನ್ ಆದರೆ ‘ವೈ-ಫೈ ಅಸಿಸ್ಟ್’ ಎಂಬುದನ್ನೂ ಆಫ್ ಮಾಡಿ, ಅದು ವೈ-ಫೈ ದುರ್ಬಲವಾದಾಗ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ‘ರೋಮಿಂಗ್‌ನಲ್ಲಿರುವಾಗ’ ಎಂಬ ಸಾಲಿನ ಕೆಳಗೆ ಫೋಟೊ, ವಿಡಿಯೊ ತಾನಾಗಿ ಇಳಿಯದಂತೆ ಇದೆಯೇ ನೋಡಿ. ಅಲ್ಲಿಯ ಸಿಮ್ ಹಾಕಿದ ಮೇಲೆ ಅದು ರೋಮಿಂಗ್ ಎನಿಸಿಕೊಳ್ಳುವುದಿಲ್ಲವಾದ್ದರಿಂದ ‘ಮೊಬೈಲ್ ಡೇಟಾ’ ಎಂಬ ಸಾಲಿನಲ್ಲಿಯೂ ಹಾಗೆಯೇ ಮಾಡಬೇಕು. ಕುಟುಂಬದ ಗ್ರೂಪುಗಳಲ್ಲಿ ಬೆಳಗ್ಗೆ ಬರುವ ವಿಡಿಯೊಗಳೇ ಸಾಕು, ತಂದೆಯವರ ಪಾಲಿನ ಡೇಟಾ ತಿಂದುಹಾಕಲು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜರ್ಮನಿಯ ಸಿಮ್ಮನ್ನು ತಂದೆಯವರ ಫೋನಿಗೆ ಹಾಕಿ, ಇಲ್ಲಿಯ ನನ್ನ ಸಿಮ್ಮಿಗೆ ಸಣ್ಣ ರೋಮಿಂಗ್ ಪ್ಯಾಕ್ ಹಾಕಿಸುವುದೆಂದು ನಿರ್ಧರಿಸಿದ್ದೇನೆ. ಇನ್ನೊಂದೇ ಸಂದೇಹ: ತಂದೆಯವರಿಗೆ ಸಣ್ಣ ಪರದೆ ಕಣ್ಣಿಗೆ ಆಯಾಸವಾದರೆ, ಅವರ ಫೋನಿನ ಹಾಟ್‌ಸ್ಪಾಟಿನಿಂದ ನನ್ನ ಟ್ಯಾಬಿನಲ್ಲಿ ತೋರಿಸಿದರೆ ಡೇಟಾ ಅಷ್ಟೇ ಖರ್ಚಾಗುತ್ತದೆಯೇ?

ಉತ್ತರ: ಸುರತ್ಕಲ್

ಅಷ್ಟೇ ಆಗುವುದಿಲ್ಲ, ಅಕ್ಕ. ಫೋನಿನ ಹಾಟ್‌ಸ್ಪಾಟನ್ನು ಟ್ಯಾಬ್ ವೈ-ಫೈ ಎಂದೇ ಭಾವಿಸುತ್ತದೆ. ಆದ್ದರಿಂದ ಮೊಬೈಲ್ ನೆಟ್‌ವರ್ಕಿಗೆಂದು ಮಾಡಿಟ್ಟ ಡೇಟಾ ಸೇವರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಪರದೆಗೆ ತಕ್ಕಂತೆ 1080ಪಿಯನ್ನೇ ತೆಗೆದುಕೊಳ್ಳಬಹುದು, ಜೊತೆಗೆ ಆ್ಯಪ್‌ಗಳ ಅಪ್‌ಡೇಟ್ ಕೂಡ ಶುರುವಾಗಬಹುದು. ಆಂಡ್ರಾಯ್ಡ್ ಟ್ಯಾಬಿನಲ್ಲಿ ಆ ವೈ-ಫೈಯ ಹೆಸರನ್ನು ಒತ್ತಿ, ಅದನ್ನು ‘ಮೀಟರ್ಡ್’ (ಡೇಟಾ ಮಿತಿಯಿರುವ ಸಂಪರ್ಕ) ಎಂದು ಗುರುತಿಸಿ. ಐಪ್ಯಾಡ್ ಆದರೆ ಅದೇ ಜಾಗದಲ್ಲಿ ‘ಲೋ ಡೇಟಾ ಮೋಡ್’ ಇರುತ್ತದೆ. ಆಮೇಲೆ ಯೂಟ್ಯೂಬಿನಲ್ಲಿ ವೈ-ಫೈ ಗುಣಮಟ್ಟವನ್ನೂ ಡೇಟಾ ಸೇವರ್‌ಗೆ ಇಳಿಸಿ, ಟ್ಯಾಬಿನ ಪರದೆ ದೊಡ್ಡದಾದ್ದರಿಂದ 480ಪಿಯನ್ನು ಕೈಯಾರೆ ಆರಿಸಿ. ಹಾಟ್‌ಸ್ಪಾಟ್ ಹಂಚಲು ಅನುಮತಿ ಇಲ್ಲದ ಪ್ಯಾಕ್‌ಗಳೂ ಇರುವುದರಿಂದ, ಸಿಮ್ ಕೊಳ್ಳುವ ಅಂಗಡಿಯಲ್ಲಿ ಸ್ವಿಟ್ಜರ್ಲೆಂಡಿನ ವಿಷಯ ಕೇಳುವಾಗ ಇದನ್ನೂ ಸೇರಿಸಿ ಕೇಳಿ.